ಪಕ್ಕದ ಮನೆಯ ಬೆಲ್ಲು, ನಮ್ಮ ಮನೆಯ ಮೋಟಾರು

ಬೆಳಗಾವಿಯ ಅನಗೋಳದ ಹಳೆಯ ಗಲ್ಲಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಅಂಥ ಕಡೆ ತಂತಿಯಿಲ್ಲದ ಕಾಲಿಂಗ್ ಬೆಲ್ ಹಾಕಿಸಿದವರದು ಒಂದೇ ದೂರು: ಬಾಗಿಲಲ್ಲಿ ಯಾರೂ ಇಲ್ಲ, ಬೆಲ್ ಮಾತ್ರ ಹೊಡೆದುಕೊಳ್ಳುತ್ತದೆ. ಬೆಲ್ಲಾದರೆ ಎದ್ದು ಹೋಗಿ ನೋಡಿ ಬಂದರಾಯಿತು. ಅದೇ ಜಾತಿಯ ರಿಮೋಟಿನಿಂದ ಸಂಪಿನ ಮೋಟಾರು ನಡೆಸುವವರು ಬಂದು, “ಸರ್, ನಮ್ಮ ಮೋಟಾರ ರಾತ್ರಿ ತಾನ ಚಾಲೂ ಆಗತೈತ್ರಿ, ಏನ್ ಮಾಡೋದ್ರಿ?” ಎಂದು ಕೇಳಿದಾಗ ಮಾತ್ರ ನಗುವಂತಿಲ್ಲ. ರಕ್ಕಸಕೊಪ್ಪದಿಂದಲೋ ಹಿಡಕಲ್‌ನಿಂದಲೋ ಬಂದ ನೀರನ್ನು ನಳ ಬಂದ ದಿನ ಸಂಪಿಗೆ ತುಂಬಿಸಿಟ್ಟುಕೊಂಡಿರುತ್ತಾರೆ. ಮೇಲಿನ ಟಾಕಿ ತುಂಬಿ ಗಟಾರಕ್ಕೆ ಹರಿದುಹೋದರೆ ಮುಂದಿನ ನಳದವರೆಗೆ ಕಾಯಬೇಕು. ಸಂಪು ಬರಿದಾದ ಮೇಲೂ ಮೋಟಾರು ತಿರುಗುತ್ತಲೇ ಇದ್ದರೆ ವೈಂಡಿಂಗ್ ಸುಟ್ಟು ಹೋಗುತ್ತದೆ.

ದೀಪ, ಫ್ಯಾನು, ಮೋಟಾರು, ಗೇಟುಗಳನ್ನು ರಿಮೋಟಿಗೋ ಮೊಬೈಲಿಗೋ ಜೋಡಿಸಲು ಈಗಷ್ಟೇ ಕೈಹಾಕಿದವರಿಗಾಗಿ ಈ ಬರಹ. ಎಲೆಕ್ಟ್ರಾನಿಕ್ಸ್ ಓದಿರಬೇಕೆಂದೇನಿಲ್ಲ. ಗಾಳಿಯಲ್ಲಿ ಬರುವ ಬೇಡದ ಸಂದೇಶಗಳನ್ನು ತಡೆಯುವ ಗೋಡೆ ಯಾರ ಬಳಿಯೂ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡಿ. ನಮ್ಮ ಕೈಯಲ್ಲಿರುವುದು ಕೇಳಿಸಿದ್ದನ್ನೆಲ್ಲ ನಂಬದಂತೆ ನಮ್ಮ ರಿಸೀವರನ್ನು ಪಳಗಿಸುವುದು.

ಒಂದು ಅಗ್ಗದ ರಿಮೋಟನ್ನು ಬಿಚ್ಚಿ ನೋಡೋಣ. ಹಿಂದಿನ ಸ್ಕ್ರೂ ತೆಗೆದರೆ ಬೆರಳ ತುದಿಯಷ್ಟು ದಪ್ಪದ 12 ವೋಲ್ಟ್ ಬ್ಯಾಟರಿ, ಒಂದು ಹಸಿರು ಬೋರ್ಡು, ಅದರ ಮೇಲೆ ಪುಟ್ಟ ದುಂಡನೆಯ ಲೋಹದ ಡಬ್ಬಿ. ಡಬ್ಬಿಯ ನೆತ್ತಿಯ ಮೇಲೆ ‘ಆರ್ 433’ ಎಂದು ಬರೆದಿರುವುದೇ ಹೆಚ್ಚು. ಸೆಕೆಂಡಿಗೆ 43 ಕೋಟಿ 39 ಲಕ್ಷ 20 ಸಾವಿರ ಸಲ ಕಂಪಿಸುವ ಅಲೆಯನ್ನು, ಅಂದರೆ 433.92 ಮೆಗಾಹರ್ಟ್ಸ್ ಅಲೆಯನ್ನು, ಹದ ತಪ್ಪದಂತೆ ಹಿಡಿದಿಡುವುದು ಈ ಡಬ್ಬಿಯ ಕೆಲಸ. ಗುಂಡಿ ಒತ್ತಿದಾಗ ಆ ಅಲೆ ಹೊರಡುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಉದ್ದದ ಮಿಡಿತವಾದರೆ 1, ಗಿಡ್ಡದ್ದಾದರೆ 0. ಗಿಡ್ಡ ಮಿಡಿತ ಎಂದರೆ ಸೆಕೆಂಡಿನ ಸುಮಾರು ಮೂರು ಸಾವಿರದಲ್ಲೊಂದು ಭಾಗ, ಉದ್ದದ್ದು ಅದರ ಮೂರು ಪಟ್ಟು. ‘ಇವಿ 1527’ ಎಂಬ ಚಿಪ್ಪಿರುವ ರಿಮೋಟುಗಳಲ್ಲಿ ಇಂಥ 24 ಮಿಡಿತ ಸೇರಿ ಒಂದು ಸಂದೇಶ. ಮೊದಲ 20 ಮಿಡಿತ ಆ ರಿಮೋಟಿನ ಗುರುತು, ಉಳಿದ 4 ಯಾವ ಗುಂಡಿ ಒತ್ತಿದ್ದು ಎಂಬ ಸುದ್ದಿ. ಬೆರಳು ಗುಂಡಿಯ ಮೇಲಿರುವಷ್ಟು ಹೊತ್ತೂ ಇದೇ ಸಂದೇಶ ಮತ್ತೆ ಮತ್ತೆ ಹೊರಡುತ್ತಿರುತ್ತದೆ.

20 ಮಿಡಿತಗಳಿಂದ 10,48,576 ಬೇರೆ ಬೇರೆ ಗುರುತು ಸಾಧ್ಯ. ಒಂದು ಗಲ್ಲಿಗೆ ಇದು ಧಾರಾಳ ಸಾಕು. ತೊಡಕಿರುವುದು ಇದಕ್ಕಿಂತ ಹಳೆಯ ‘ಪಿಟಿ 2262’ ಚಿಪ್ಪಿನ ಮಾಲಿನಲ್ಲಿ, ಅದು ಇನ್ನೂ ಮಾರುಕಟ್ಟೆಯಲ್ಲಿದೆ. ಅದರಲ್ಲಿ ಸಾಮಾನ್ಯವಾಗಿ ಎಂಟು ಕಾಲುಗಳು ಗುರುತಿಗೆ ಮೀಸಲು. ಬೋರ್ಡಿನಲ್ಲಿ ಆ ಕಾಲುಗಳ ಒಂದು ಮಗ್ಗುಲಿಗೆ ‘ಎಲ್’, ಇನ್ನೊಂದು ಮಗ್ಗುಲಿಗೆ ‘ಎಚ್’ ಎಂದು ಅಚ್ಚಾದ ತಾಮ್ರದ ಪಟ್ಟಿ ಇರುತ್ತದೆ. ಕಾಲನ್ನು ಎಲ್ ಕಡೆಗೆ ಬೆಸೆಯಬಹುದು, ಎಚ್ ಕಡೆಗೆ ಬೆಸೆಯಬಹುದು, ಯಾವ ಕಡೆಗೂ ಬೆಸೆಯದೆ ಬಿಡಬಹುದು. ಕಾಲಿಗೆ ಮೂರು ಸ್ಥಿತಿಯಂತೆ ಎಂಟು ಕಾಲಿಗೆ 6,561 ಗುರುತು. ಕಾರ್ಖಾನೆಯವರು ಬೆಸೆಯುವ ಗೋಜಿಗೆ ಹೋಗದೆ ಎಂಟನ್ನೂ ಖಾಲಿ ಬಿಟ್ಟು ಕಳಿಸಿದರೆ 6,561ರಲ್ಲಿ ಎಲ್ಲರ ಪಾಲಿಗೂ ಬರುವುದು ಒಂದೇ. ಖಡೇಬಜಾರದ ಗದ್ದಲದಲ್ಲಿ ನಿಂತು “ಏ ಅಪ್ಪಾ” ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರಲ್ಲ, ಹಾಗಾಗುತ್ತದೆ.

ಇಂಥ ಎರಡು ಬೆಲ್ಲುಗಳ ಜಗಳ ಬಿಡಿಸುವಾಗ ಎರಡೂ ಮನೆಯ ರಿಮೋಟುಗಳನ್ನು ಕಟ್ಟೆಯ ಮೇಲೆ ಅಕ್ಕಪಕ್ಕ ಬಿಚ್ಚಿಡಬೇಕು. ಎರಡರಲ್ಲೂ ಎಂಟು ಕಾಲು ಖಾಲಿ ಇದ್ದುದನ್ನು ನೋಡಿದ ಮೇಲೆ ಓಣಿಯ ಒಬ್ಬ ಅಜ್ಜಿ, “ಹಂಗಾರ ಇದು ಅವರ ತಪ್ಪಲ್ಲೇಳು” ಎಂದು ಒಪ್ಪಿದ್ದುಂಟು. ಒಂದು ಮನೆಯ ರಿಮೋಟಿನಲ್ಲಿ ಎರಡು ಮೂರು ಕಾಲನ್ನು ಎಲ್ ಅಥವಾ ಎಚ್ ಪಟ್ಟಿಗೆ ಬೆಸೆದು, ಆ ಮನೆಯ ರಿಸೀವರಿನಲ್ಲೂ ಅದೇ ಕಾಲುಗಳನ್ನು ಅದೇ ರೀತಿ ಬೆಸೆದರೆ ಜಗಳ ಮುಗಿಯಿತು. ಬೆಸೆಯುವ ಕಡ್ಡಿ ಹಿಡಿಯಲು ಬಾರದವರು ಟಿವಿ ರಿಪೇರಿಯವರಲ್ಲಿಗೆ ಒಯ್ಯಲಿ, ಐದು ನಿಮಿಷದ ಕೆಲಸ.

ಇಲ್ಲೊಂದು ಮಾತು ಹೇಳಲೇಬೇಕು. ಸಿಗ್ನಲ್ ತೊಂದರೆ ಎಂದ ಕೂಡಲೆ ಅಂಗಡಿಯಲ್ಲಿ ಸಿಗುವ ಸಲಹೆ, “ದೊಡ್ಡ ಆಂಟೆನಾ ಹಾಕಿಸ್ರಿ, ಪವರ್‌ಫುಲ್ ರಿಸೀವರ್ ಒಯ್ರಿ.” ಅನಗೋಳದಲ್ಲಿ ಇದು ತಿರುವುಮುರುವು ಮದ್ದು. 433 ಮೆಗಾಹರ್ಟ್ಸ್‌ಗೆ ತಕ್ಕ ಆಂಟೆನಾ ಎಂದರೆ ಸುಮಾರು 17.3 ಸೆಂಟಿಮೀಟರ್ ಉದ್ದದ ಒಂದು ತಂತಿ, ಅಲೆಯ ಉದ್ದದ ನಾಲ್ಕನೇ ಒಂದು ಭಾಗ. ಖಾನಾಪುರದ ಕಡೆ ತೋಟದ ನಡುವೆ ಒಂಟಿ ಮನೆ, ಬಾವಿ ದೂರ, ಮಳೆಗಾಲದಲ್ಲಿ ನಡುವಿನ ಮರಗಳೆಲ್ಲ ತೊಯ್ದು ನಿಂತಿರುತ್ತವೆ ಎಂದಾಗ ಆ ತಂತಿ ಅಳತೆಗೆ ಸರಿಯಾಗಿ, ನೆಟ್ಟಗೆ ನಿಲ್ಲಬೇಕು. ಅಲ್ಲಿಯ ಚಿಂತೆ ಕೇಳಿಸದಿರುವುದು. ಅನಗೋಳದಲ್ಲಿ ಚಿಂತೆ ಅತಿಯಾಗಿ ಕೇಳಿಸುವುದು. ಅಡುಗೆಮನೆಯಿಂದ ಜಿನೆಯ ಮೇಲಿನ ಟಾಕಿಗೆ ಹತ್ತು ಹದಿನೈದು ಮೀಟರ್. ಅಷ್ಟಕ್ಕೆ ಆಂಟೆನಾ ತಂತಿಯನ್ನು ಗಿಡ್ಡ ಮಾಡಿದರೂ ಸಂದೇಶ ಮುಟ್ಟುತ್ತದೆ, ಮೂರನೇ ಓಣಿಯದು ಕೇಳಿಸುವುದು ನಿಲ್ಲುತ್ತದೆ.

ಹೀಗೆ ನಡುವೆ ಬಾಯಿ ಹಾಕುವವರ ಮೇಲೆ ದೂರು ಕೊಡಬಹುದೇ ಎಂದು ಕೇಳುವವರಿದ್ದಾರೆ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನೂ 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಎರಡನೆಯದು 2021ರಲ್ಲಿ 868ರವರೆಗೆ ವಿಸ್ತಾರವಾಯಿತು. 433ರಿಂದ 434 ಮೆಗಾಹರ್ಟ್ಸ್ ಪಟ್ಟಿ ತೆರೆದದ್ದು 2012ರಲ್ಲಿ, ಅದೂ 10 ಮಿಲಿವಾಟ್ ಶಕ್ತಿಯ ಮಿತಿಯೊಳಗೆ. ಈ ವಿನಾಯಿತಿಗಳಿಗೆಲ್ಲ ಒಂದೇ ಷರತ್ತು: ಪಟ್ಟಿ ಯಾರೊಬ್ಬರ ಸ್ವತ್ತೂ ಅಲ್ಲ, ನೀವು ಇತರರಿಗೆ ಅಡಚಣೆ ಮಾಡಕೂಡದು, ನಿಮಗೆ ಅಡಚಣೆಯಾದರೆ ರಕ್ಷಣೆ ಕೇಳಕೂಡದು. ಪಕ್ಕದ ಮನೆಯವರ ಬೆಲ್ಲು ನಿಯಮದೊಳಗೇ ಇದ್ದರೆ ಯಾವ ಕಚೇರಿಯ ಮೆಟ್ಟಿಲು ಹತ್ತಿಯೂ ಪ್ರಯೋಜನವಿಲ್ಲ.

ಪಟ್ಟಿಗಳ ಈ ನಿಯಮದ ಕಾರಣಕ್ಕೇ ಅಮೆರಿಕದಲ್ಲಿರುವ ಮಗ ತಂದುಕೊಟ್ಟ ‘ಜೀ-ವೇವ್’ ಎಂಬ ವೈರ್‌ಲೆಸ್ ಜಾತಿಯ ಸೆನ್ಸರನ್ನು ಇಲ್ಲಿ ಹಚ್ಚುವ ಮೊದಲು ಡಬ್ಬಿಯ ಮೇಲಿನ ಅಂಕಿ ನೋಡಿ. ಅಲ್ಲಿಯದು 908.42 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಇಲ್ಲಿ 890ರಿಂದ 915 ಮೆಗಾಹರ್ಟ್ಸ್ ಎಂದರೆ ಮೊಬೈಲುಗಳು ಟವರಿಗೆ ಮಾತಾಡುವ ಜಾಗ. ಬೇರೆಯವರ ದಾರಿಗೆ ಅಡ್ಡ ನಿಲ್ಲುವವರು ಆಗ ನಾವೇ. ಭಾರತಕ್ಕೆಂದು ಮಾಡಿದ ಜೀ-ವೇವ್ ಸಾಮಾನು 865.2ರಲ್ಲಿ ಬರುತ್ತದೆ. ಮಗ ಪ್ರೀತಿಯಿಂದ ತಂದದ್ದು ಶೋಕೇಸಿನಲ್ಲಿರಲಿ.

ಬೇರೆಯವರ ಸಂದೇಶ ನಡುವೆ ನುಗ್ಗುವ ಈ ತೊಂದರೆ ರೇಡಿಯೋದಷ್ಟೇ ಹಳೆಯದು. ಮಾರ್ಕೋನಿ 1900ರಲ್ಲಿ 7777ನೇ ಸಂಖ್ಯೆಯ ಪೇಟೆಂಟ್ ಪಡೆದು, ತನ್ನ ಯಂತ್ರಗಳು ಒಂದೇ ಶ್ರುತಿಗೆ ಕೂಡಿರುವುದರಿಂದ ಬೇರೆಯವರು ನಡುವೆ ಬರಲಾರರು ಎಂದು ನಂಬಿದ್ದ. 1903ರ ಜೂನ್ 4ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರೊಫೆಸರ್ ಫ್ಲೆಮಿಂಗ್ ಅದನ್ನೇ ತೋರಿಸಲು ನಿಂತಾಗ, ಮಾರ್ಕೋನಿಯ ಸಂದೇಶ ಬರುವ ಮೊದಲೇ ಯಂತ್ರ ತಟಪಟ ಎಂದು “ಇಲಿಗಳು, ಇಲಿಗಳು” ಎಂಬ ಮಾತನ್ನು ಬರೆದುಕೊಳ್ಳತೊಡಗಿತು. ಕಳಿಸುತ್ತಿದ್ದವನು ನೆವಿಲ್ ಮ್ಯಾಸ್ಕೆಲೈನ್ ಎಂಬ ಜಾದೂಗಾರ. ಫ್ಲೆಮಿಂಗ್ ಸಿಟ್ಟಿಗೆದ್ದು ಪತ್ರಿಕೆಗೆ ಬರೆದರೆ ಆತ ಮುಚ್ಚಿಡದೆ ಒಪ್ಪಿಕೊಂಡ. ಶ್ರುತಿ ಕೂಡಿಸಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ ಎಂದು ತೋರಿಸುವುದೇ ಅವನ ಉದ್ದೇಶವಾಗಿತ್ತು. ನಿಮ್ಮ ಗೇಟಿನ 433ರ ರಿಮೋಟಿಗೂ ಈ ಮಾತು ಇಂದಿಗೂ ಸಲ್ಲುತ್ತದೆ. ಪ್ರತಿ ಸಲವೂ ಒಂದೇ ಗುರುತು ಕಳಿಸುವ ರಿಮೋಟಿನ ಸಂದೇಶವನ್ನು ಯಾರಾದರೂ ಒಮ್ಮೆ ಹಿಡಿದಿಟ್ಟುಕೊಂಡರೆ ಬೇಕಾದಾಗ ಮತ್ತೆ ಬಿಡಬಹುದು. ಅದಕ್ಕೇ ಗೇಟು, ಬಾಗಿಲಿನ ಬೀಗಗಳಿಗೆ ‘ರೋಲಿಂಗ್ ಕೋಡ್’ ಇರುವ ರಿಮೋಟನ್ನೇ ಕೇಳಿ ಕೊಳ್ಳಬೇಕು. ಕಾರಿನ ಕೀಲಿಯಲ್ಲಿರುವಂತೆ ಅದರ ಸಂದೇಶ ಒತ್ತಿದ ಪ್ರತಿ ಸಲವೂ ಬದಲಾಗುತ್ತದೆ, ಹಳೆಯದನ್ನು ರಿಸೀವರ್ ಮತ್ತೆ ಒಪ್ಪುವುದಿಲ್ಲ.

ಯಾರ ಸಂದೇಶವೂ ಅಲ್ಲದ ಬರೀ ಗದ್ದಲ ಇನ್ನೊಂದು ಬಗೆ. ನೂರು ರೂಪಾಯಿಯೊಳಗೆ ಸಿಗುವ ರಿಸೀವರ್ ಮಾಡ್ಯೂಲ್ ಸುತ್ತ ಸದ್ದಿಲ್ಲದಾಗ ಸುಮ್ಮನೆ ಕೂರುವುದಿಲ್ಲ. ಏನಾದರೂ ಕೇಳಿಸೀತೇ ಎಂದು ತನ್ನ ಕಿವಿಯನ್ನು ತಾನೇ ಚುರುಕು ಮಾಡಿಕೊಳ್ಳುತ್ತ ಹೋಗುತ್ತದೆ, ಕೊನೆಗೆ ಬರೀ ಗೊರಗೊರ ಸದ್ದೂ ಅದಕ್ಕೆ ಮಿಡಿತವಾಗಿ ಕಾಣುತ್ತದೆ. ಅದರ ಡೇಟಾ ಕಾಲಿಗೆ ಒಂದು ಎಲ್‌ಇಡಿ ಹಚ್ಚಿ ನೋಡಿ, ಯಾರೂ ಗುಂಡಿ ಒತ್ತದಿದ್ದರೂ ಮಿಣಮಿಣ ಎನ್ನುತ್ತಿರುತ್ತದೆ. ಮಾಡ್ಯೂಲ್ ಕೆಟ್ಟಿದೆ ಎಂದು ಹೊಸಬರು ವಾಪಸ್ ಒಯ್ಯುತ್ತಾರೆ. ಕೆಟ್ಟಿಲ್ಲ, ಅದರ ಸ್ವಭಾವವೇ ಹಾಗೆ. ಅಗ್ಗದ ಎಲ್‌ಇಡಿ ಬಲ್ಬಿನ ಡ್ರೈವರು, ಮೊಬೈಲ್ ಚಾರ್ಜರು, ಮೋಟಾರ್ ಸ್ಟಾರ್ಟರಿನ ಕಿಡಿ ಎಲ್ಲವೂ ಈ ಗದ್ದಲಕ್ಕೆ ತಮ್ಮ ಪಾಲು ಕೊಡುತ್ತವೆ. ಸ್ವಲ್ಪ ಹೆಚ್ಚು ಹಣ ಕೊಟ್ಟರೆ ‘ಸೂಪರ್‌ಹೆಟ್’ ಎಂಬ ರಿಸೀವರ್ ಸಿಗುತ್ತದೆ, ಅದು ತನ್ನ ಅಲೆಯ ಆಚೆಯದನ್ನು ಚೆನ್ನಾಗಿ ಸೋಸುತ್ತದೆ. ಒಂದೇ ಒಂದು ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ.

ಸೋಸುವ ಇನ್ನೊಂದು ಉಪಾಯಕ್ಕೆ ದುಡ್ಡೇ ಬೇಡ. ರಿಮೋಟು ಒಂದೇ ಸಂದೇಶವನ್ನು ಸಾಲಾಗಿ ಹಲವು ಸಲ ಹೇಳುತ್ತದೆ ಎಂದೆನಲ್ಲ, ಅದನ್ನೇ ಬಳಸಿಕೊಳ್ಳಬೇಕು. ಅರ್ಧ ಸೆಕೆಂಡಿನೊಳಗೆ ಅದೇ 24 ಮಿಡಿತ ಕನಿಷ್ಠ ಮೂರು ಸಲ ಬಂದರೆ ಮಾತ್ರ ನಿಜವೆಂದು ತಿಳಿ ಎಂದು ರಿಸೀವರನ್ನು ನಡೆಸುವ ಪ್ರೋಗ್ರಾಮಿನಲ್ಲಿ ಬರೆಯಿರಿ. ಗದ್ದಲದಿಂದ ಅಕಸ್ಮಾತ್ ಒಂದು ಸಂದೇಶದ ಆಕಾರ ಹುಟ್ಟೀತು, ಅದೇ ಆಕಾರ ಬೆನ್ನುಬೆನ್ನಿಗೆ ಮೂರು ಸಲ ಹುಟ್ಟುವುದು ದುರ್ಲಭ. ಒಮ್ಮೆ ಒಪ್ಪಿದ ಮೇಲೆ ಮುಂದಿನ ಒಂದು ಸೆಕೆಂಡು ಅದೇ ಗುರುತಿಗೆ ಕಿವಿ ಮುಚ್ಚಿರಬೇಕು. ಇಲ್ಲದಿದ್ದರೆ ಒಂದೇ ಗುಂಡಿಯಲ್ಲಿ ಚಾಲೂ ಬಂದ್ ಎರಡೂ ಆಗುವ ಸ್ವಿಚ್ಚು ಒಂದು ಒತ್ತಿಗೆ ನಾಲ್ಕು ಸಲ ಹಾರಿ ಎಲ್ಲಿ ನಿಂತಿತೋ ಅಲ್ಲೇ ನಿಲ್ಲುತ್ತದೆ.

ನಿಮ್ಮ ಮನೆಯ ಗಾಳಿಯಲ್ಲಿ ಏನೇನು ಓಡಾಡುತ್ತಿದೆ ಎಂದು ತಿಳಿಯದೆ ಯಾವ ಮದ್ದೂ ಗುರಿ ಮುಟ್ಟುವುದಿಲ್ಲ. ಕಂಪ್ಯೂಟರಿನಲ್ಲಿ ಟಿವಿ ನೋಡಲೆಂದು ಮಾಡಿದ ಒಂದು ಯುಎಸ್‌ಬಿ ಕಡ್ಡಿ, ಒಳಗಿರುವುದು ‘ಆರ್‌ಟಿಎಲ್ 2832’ ಚಿಪ್ಪು, ಬಗೆಬಗೆಯ ಅಲೆಗಳನ್ನು ಕೇಳಬಲ್ಲದು ಎಂಬುದು 2012ರ ಹೊತ್ತಿಗೆ ಹವ್ಯಾಸಿಗಳ ಲೋಕದಲ್ಲೆಲ್ಲ ಹಬ್ಬಿತು. ಅದನ್ನು ಹಳೆಯ ಲ್ಯಾಪ್‌ಟಾಪಿಗೋ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೋ ಚುಚ್ಚಿ ‘ಆರ್‌ಟಿಎಲ್ 433’ ಎಂಬ ಉಚಿತ ಪ್ರೋಗ್ರಾಮ್ ಓಡಿಸಿದರೆ, ಕೇಳಿಸಿದ ಪ್ರತಿ ಸಂದೇಶವೂ ಹೊತ್ತು, ಜಾತಿ, ಗುರುತಿನ ಸಂಖ್ಯೆಯೊಂದಿಗೆ ಸಾಲಾಗಿ ಬೀಳುತ್ತದೆ. ಒಂದು ರಾತ್ರಿ, ಒಂದು ಹಗಲು ಹಾಗೇ ಬಿಡಿ. ಹಾಲಿನವನು ಬರುವ ಹೊತ್ತಿಗೆ ಒಂದು ಗುರುತು, ಸಾಲೆ ಬಿಡುವ ಹೊತ್ತಿಗೆ ಇನ್ನೊಂದು. ರಸ್ತೆಯಲ್ಲಿ ಕೆಲವು ಕಾರುಗಳು ಹಾದುಹೋದಾಗ ಅವುಗಳ ಗಾಲಿಯೊಳಗಿನ ಗಾಳಿಯೊತ್ತಡದ ಸೆನ್ಸರು ಸಹ ತನ್ನ ಅಂಕಿ ಉಸುರಿ ಹೋಗುತ್ತದೆ. ನಿಮ್ಮ ಮೋಟಾರು ತಾನಾಗಿ ಚಾಲೂ ಆದ ಗಳಿಗೆಯನ್ನು ಈ ಪಟ್ಟಿಯೊಂದಿಗೆ ಹೋಲಿಸಿದರೆ ಅಪರಾಧಿ ಸಿಕ್ಕೇಬಿಡುತ್ತಾನೆ. ಕಿವಿಗೊಟ್ಟದ್ದು ನಿಮ್ಮ ಮನೆಯ ತೊಂದರೆ ಹುಡುಕಲು ಮಾತ್ರ. ಇನ್ನೊಬ್ಬರ ಸಂದೇಶ ಹಿಡಿದು ಮರಳಿ ಬಿಟ್ಟು ತಮಾಷೆ ನೋಡುವ ಹುಡುಗಾಟ ಬೇಡ.

ಅಪರಾಧಿ ಸಿಗುವುದು ಎಷ್ಟು ಸಲ ಅಚ್ಚರಿಯ ಜಾಗದಲ್ಲಿ! 2019ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ನಾರ್ತ್ ಓಮ್‌ಸ್ಟೆಡ್ ಊರಿನ ಒಂದು ಬಡಾವಣೆಯಲ್ಲಿ ಗ್ಯಾರೇಜಿನ ಬಾಗಿಲು, ಕಾರಿನ ರಿಮೋಟು ಎಲ್ಲ ವಾರಗಟ್ಟಲೆ ಕೆಲಸ ನಿಲ್ಲಿಸಿದ್ದವು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಒಬ್ಬ ಹವ್ಯಾಸಿ ತನ್ನ ಮನೆಯ ಮೇಲಂತಸ್ತಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ತಾನೇ ಮಾಡಿಟ್ಟ ಪೆಟ್ಟಿಗೆ. ಅದು ಬಿಡುವಿಲ್ಲದೆ 315 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿತ್ತು, ಪಾಪ ಅವನಿಗೆ ಗೊತ್ತೇ ಇರಲಿಲ್ಲ. ಸ್ವಂತ ಕೈಯಿಂದ ಸೆನ್ಸರ್ ಮಾಡುವವರು ಒಂದು ಸಂದೇಶ ಕಳಿಸಿದ ಮೇಲೆ ಟ್ರಾನ್ಸ್‌ಮಿಟರ್ ನಿಜಕ್ಕೂ ಬಾಯಿ ಮುಚ್ಚಿತೇ ಎಂದು ಆ ಯುಎಸ್‌ಬಿ ಕಡ್ಡಿಯಿಂದಲೇ ನೋಡಿಕೊಳ್ಳಬೇಕು.

ಮನೆಯ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಹೋಮ್ ಅಸಿಸ್ಟೆಂಟ್‌ನಂಥ ವ್ಯವಸ್ಥೆ ಇಟ್ಟುಕೊಂಡವರು ಹೊಸ ಸಾಧನಗಳನ್ನು ತಾನಾಗಿ ಸೇರಿಸುವ ಸೌಲಭ್ಯವನ್ನು 433ರ ಮಟ್ಟಿಗೆ ಬಂದ್ ಮಾಡಿಡಿ. ಇಲ್ಲವಾದರೆ ಓಣಿಯ ಬೆಲ್ಲು, ದಾರಿಹೋಕ ಕಾರಿನ ಗಾಲಿ, ಎಲ್ಲವೂ ನಿಮ್ಮ ಪಟ್ಟಿಯಲ್ಲಿ ಮನೆಯ ಸದಸ್ಯರಾಗಿ ಕೂರುತ್ತವೆ. ನಿಮ್ಮ ರಿಮೋಟುಗಳ ಗುರುತಿನ ಸಂಖ್ಯೆಗಳನ್ನು ಒಂದು ವಹಿಯಲ್ಲಿ ಬರೆದಿಟ್ಟು, ಅವನ್ನು ಮಾತ್ರ ಒಪ್ಪುವಂತೆ ಮಾಡಿದರೆ ಸಾಕು.

ಜಿಗ್‌ಬೀ ಎಂಬ ಇನ್ನೊಂದು ವೈರ್‌ಲೆಸ್ ಜಾತಿಯ ಮತ್ತು ವೈಫೈ ಸಾಧನಗಳ ಕಥೆ ಬೇರೆ, ಅದನ್ನು ಬೇಗ ಮುಗಿಸುತ್ತೇನೆ. ಅವುಗಳ ಮಾತು ಗುಪ್ತಲಿಪಿಯಲ್ಲಿರುತ್ತದೆ, ಮುಟ್ಟಿತೆಂದು ರಸೀದಿಯೂ ಬರುತ್ತದೆ. ಹಾಗಾಗಿ ಪಕ್ಕದವರ ಸ್ವಿಚ್ಚಿನಿಂದ ನಿಮ್ಮ ದೀಪ ಹತ್ತುವುದಿಲ್ಲ. ಅಲ್ಲಿ ಆಗುವ ತೊಂದರೆ, ದೀಪ ಹತ್ತಲು ತಡವಾಗುವುದು, ಸೆನ್ಸರು ಮಾಯವಾಗುವುದು. ಜಿಗ್‌ಬೀ, ವೈಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಒತ್ತೊತ್ತಾಗಿ ಕೂತಿರುವುದು, ಮೈಕ್ರೋವೇವ್ ಒಲೆಯೂ ಸೋರುವುದು ಅಲ್ಲಿಯೇ ಆಗಿರುವುದು ಇದಕ್ಕೆ ಕಾರಣ. ವೈಫೈಯನ್ನು 1, 6, 11ರಲ್ಲಿ ಒಂದು ಚಾನೆಲ್ಲಿಗೆ, 20 ಮೆಗಾಹರ್ಟ್ಸ್ ಅಗಲಕ್ಕೆ ಕಟ್ಟಿಹಾಕಿ, ಜಿಗ್‌ಬೀಯನ್ನು ಅವುಗಳ ಸಂದಿಯಲ್ಲಿರುವ 15, 20, 25ರಲ್ಲಿ ಒಂದಕ್ಕೆ ಇಡಿ. ಜಿಗ್‌ಬೀ ಸಾಧನಗಳೊಂದಿಗೆ ಮಾತಾಡುವ ಯುಎಸ್‌ಬಿ ಕಡ್ಡಿಯನ್ನು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ ನೇರವಾಗಿ ಚುಚ್ಚಬೇಡಿ. ಆ ಕಿಂಡಿಯೇ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ ಕಂಪನಿ 2012ರಲ್ಲೇ ಬರೆದು ತಿಳಿಸಿದೆ. ಒಂದು ಮೀಟರ್ ಉದ್ದದ ಕೇಬಲ್ ಹಾಕಿ ದೂರ ಇಟ್ಟರೆ ಅರ್ಧ ದೂರುಗಳು ಅಲ್ಲೇ ತೀರುತ್ತವೆ.

ಈಗ ಮೋಟಾರಿಗೆ ಬರೋಣ. ಇಷ್ಟೆಲ್ಲ ಸೋಸಿದ ಮೇಲೂ ಒಂದು ಸುಳ್ಳು ಸಂದೇಶ ಎಂದೋ ಒಮ್ಮೆ ನುಸುಳಿಯೇ ನುಸುಳುತ್ತದೆ ಎಂದುಕೊಂಡೇ ಮೋಟಾರಿನ ವ್ಯವಸ್ಥೆ ಕಟ್ಟಬೇಕು. ‘ಬಂದ್ ಆಗು’ ಎಂಬುದನ್ನು ಯಾರು ಹೇಳಿದರೂ, ಒಂದೇ ಸಲ ಹೇಳಿದರೂ ಕೇಳಲಿ. ಮೋಟಾರು ಸುಮ್ಮಸುಮ್ಮನೆ ನಿಂತರೆ ಹಾನಿಯಿಲ್ಲ, ಬೈಯುತ್ತ ಮತ್ತೆ ಒತ್ತುತ್ತಾರೆ ಅಷ್ಟೇ. ‘ಚಾಲೂ ಆಗು’ ಎಂಬುದಕ್ಕೆ ಮಾತ್ರ ಸಾಕ್ಷಿ ಬೇಕು: ಮೇಲಿನ ಟಾಕಿಯ ಸೆನ್ಸರು ನೀರು ಕಡಿಮೆ ಎಂದಿರಬೇಕು, ಸಂಪಿನಲ್ಲಿ ನೀರಿದೆ ಎಂದು ತಂತಿಯ ಫ್ಲೋಟ್ ಸ್ವಿಚ್ಚು ಹೇಳಿರಬೇಕು, ಆಮೇಲೆ ರಿಮೋಟಿನ ಮಾತು. ಇದಕ್ಕಾಗಿ ಚಾಲೂ ಮತ್ತು ಬಂದ್‌ಗೆ ಬೇರೆ ಬೇರೆ ಗುಂಡಿ ಇರುವ ರಿಮೋಟೇ ಬೇಕು. ಮೋಟಾರಿಗೆ ಒಂದೇ ಗುಂಡಿಯ ರಿಮೋಟು ಹಚ್ಚುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಸಂಪಿನ ಫ್ಲೋಟ್ ಸ್ವಿಚ್ಚಿಗೆ ತಂತಿ ಏಕೆ, ಅದನ್ನೂ ವೈರ್‌ಲೆಸ್ ಮಾಡಬಾರದೇ ಎಂದು ಹುಡುಗರು ಕೇಳುತ್ತಾರೆ. ಮಾಡಬಾರದು. ಸಂಪು ಮೋಟಾರಿನ ಪಕ್ಕದಲ್ಲೇ ಇದೆ, ಎರಡು ಮೀಟರ್ ತಂತಿಗೆ ಯಾರ ಬೆಲ್ಲೂ ಕೇಳಿಸುವುದಿಲ್ಲ. ದೂರದ ಟಾಕಿಯ ಸೆನ್ಸರು ವೈರ್‌ಲೆಸ್ ಇರಲಿ, ಆದರೆ ಅದು ಎರಡು ನಿಮಿಷಕ್ಕೊಮ್ಮೆ ‘ನಾನಿದ್ದೇನೆ, ಮಟ್ಟ ಇಷ್ಟು’ ಎಂದು ಹೇಳುತ್ತಲೇ ಇರಬೇಕು. ಸತತ ಮೂರು ಸಲ ದನಿ ಬಾರದಿದ್ದರೆ ಮೋಟಾರು ನಿಲ್ಲಬೇಕು. ಟಾಕಿ ತುಂಬಲು ಸಾಮಾನ್ಯವಾಗಿ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಐದು ನಿಮಿಷ ಹೆಚ್ಚಿಗೆ ಇಟ್ಟು, ಯಾರು ಏನೇ ಹೇಳಲಿ ಅಷ್ಟಕ್ಕೆ ನಿಲ್ಲಿಸುವ ಟೈಮರ್ ಒಂದು ಇರಲಿ. ಮಳೆಗಾಲದಲ್ಲಿ, ಅದರಲ್ಲೂ ಖಾನಾಪುರದ ಕಡೆ, ಕರೆಂಟು ಹೋಗಿ ಬಂದು ಮಾಡುವುದು ಇದ್ದದ್ದೇ. ಕರೆಂಟು ಮರಳಿದಾಗ ಮೋಟಾರನ್ನು ಚಾಲೂ ಬಂದ್ ಮಾಡುವ ರಿಲೇ ಹಿಂದಿನ ಸ್ಥಿತಿ ನೆನಪಿಸಿಕೊಂಡು ಚಾಲೂ ಆಗದೆ ಬಂದ್ ಆಗಿಯೇ ಏಳುವಂತೆ ಸೆಟ್ಟಿಂಗ್‌ನಲ್ಲಿ ಆರಿಸಿ. ರಿಲೇಗೆ ಬರುವ 230 ವೋಲ್ಟಿನ ಕೆಲಸಕ್ಕೆ ಇಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಅಲ್ಲಿ ಕಲಿಯುವ ಉತ್ಸಾಹ ಬೇಡ.

ಅನಗೋಳದಲ್ಲಿ ಉದ್ಯಮಬಾಗದ ಕಾರ್ಖಾನೆಗಳಿಗೆ, ಕಾಲೇಜುಗಳಿಗೆ ಹೋಗುವ ಬಾಡಿಗೆದಾರರು ಬಹಳ. ಮನೆ ಬದಲಿಸುವಾಗ ಕೀಲಿ ವಾಪಸ್ ಕೊಡುತ್ತಾರೆ, ಚೀಲದ ತಳದಲ್ಲಿ ಉಳಿದ ರಿಮೋಟು ಅವರೊಂದಿಗೇ ಹೋಗುತ್ತದೆ. ಕಲಿಯುವ ಜಾತಿಯ ರಿಸೀವರ್ ಆ ರಿಮೋಟಿನ ಗುರುತನ್ನು ಕರೆಂಟು ತೆಗೆದರೂ ಮರೆಯುವುದಿಲ್ಲ. ಎರಡು ಓಣಿ ಆಚೆ ಹೊಸ ಮನೆಯಲ್ಲಿ ಅವರ ಮಗು ಗುಂಡಿ ಒತ್ತಿ ಆಡಿದರೆ ಇಲ್ಲಿ ದೀಪ ಹತ್ತಬಹುದು. ರಿಸೀವರ್ ಬೋರ್ಡಿನಲ್ಲಿರುವ ಕಲಿಕೆಯ ಪುಟ್ಟ ಗುಂಡಿಯನ್ನು ಬೋರ್ಡಿನ ಎಲ್‌ಇಡಿ ಆರುವವರೆಗೆ ಒತ್ತಿ ಹಿಡಿದರೆ ಕೆಲವದರಲ್ಲಿ ನೆನಪೆಲ್ಲ ಅಳಿಸುತ್ತದೆ, ಕೆಲವದರಲ್ಲಿ ಎಂಟು ಸಲ ಒತ್ತಬೇಕು. ಜೊತೆಗೆ ಬಂದ ಚೀಟಿಯಲ್ಲಿ ಬರೆದಿರುತ್ತದೆ. ಅಳಿಸಿದ ಮೇಲೆ ಕೈಯಲ್ಲಿರುವ ರಿಮೋಟುಗಳನ್ನು ಒಂದೊಂದಾಗಿ ಮತ್ತೆ ಕಲಿಸಿ, ಅವುಗಳ ಸಂಖ್ಯೆ ವಹಿಯಲ್ಲಿ ತಿದ್ದಿಕೊಳ್ಳಿ.